ಮನೆವಾರ್ತೆ: ನಿಂಬೆ, ಸೋಡಾ, ಜಿನ್

ವಾಚಕರೊಬ್ಬರು ನಮಗೆ ಪತ್ರ ಬರೆದು ಕೇಳಿದ್ದಾರೆ: ‘ಅಳಿಯಂದಿರು ಸ್ನೇಹಿತರೊಡನೆ ಊಟಕ್ಕೆ ಬರುವವರಿದ್ದಾರೆ. ಟಾಮ್ ಕಾಲಿನ್ಸ್ ಎಂಬ ಪಾನೀಯ ಅವರಿಗೆ ಇಷ್ಟವಂತೆ. ಅದನ್ನು ಮನೆಯಲ್ಲಿ ಮಾಡುವ ಬಗೆ ಹೇಗೆ?’ ಹೆಸರನ್ನು ಅಚ್ಚು ಹಾಕಬಾರದೆಂದು ಎರಡು ಕಡೆ ಬರೆದಿದ್ದಾರೆ, ಹಾಕಿಲ್ಲ.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಮದ್ಯದ ಮಾತೇಕೆ ಎಂದು ಹಿರಿಯರು ಹುಬ್ಬು ಗಂಟಿಕ್ಕಬಹುದು. ಅದು ತಪ್ಪೂ ಅಲ್ಲ. ಆದರೆ ಪರಸ್ಥಳದಲ್ಲಿ ಸಂಸಾರ ಹೂಡಿರುವ ನಮ್ಮ ಮನೆಗಳಲ್ಲಿ ಮುಟ್ಟದವರೂ ಉಂಟು, ಮುಟ್ಟುವವರೂ ಉಂಟು. ಇಬ್ಬರೂ ಒಂದೇ ಪಡಸಾಲೆಯಲ್ಲಿ ಕುಳಿತಿರುವುದೂ ಉಂಟು. ಕದ್ದು ಮಾಡುವ ಕೆಲಸಕ್ಕೆ ಅಳತೆ ಇರುವುದಿಲ್ಲ. ಈ ಪಾನೀಯದಲ್ಲಿಯೋ ಅಳತೆಯೇ ಮುಖ್ಯ. ಆದ್ದರಿಂದ ಬಿಚ್ಚಿ ಬರೆಯುವುದೇ ಮೇಲೆಂದು ನಮಗೆ ತೋರಿದೆ. ಕುಡಿಯದವರು ಕಲಿಯಲೆಂದು ಮಾತ್ರ ಬರೆದಿಲ್ಲ.

ಈ ಟಾಮ್ ಕಾಲಿನ್ಸ್ ಯಾರು? 1874ರಲ್ಲಿ ನ್ಯೂಯಾರ್ಕ್ ಮೊದಲಾದ ಅಮೆರಿಕದ ಊರುಗಳಲ್ಲಿ ಒಂದು ಕೀಟಲೆ ಹಬ್ಬಿತ್ತು. ‘ಟಾಮ್ ಕಾಲಿನ್ಸ್ ಎಂಬಾತ ಆಚೆ ಬೀದಿಯ ಪಾನಗೃಹದಲ್ಲಿ ಕುಳಿತು ನಿನ್ನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಾನೆ’ ಎಂದು ಸ್ನೇಹಿತನಿಗೆ ಹೇಳುವುದು. ಅವನು ಸಿಟ್ಟಾಗಿ, ಇಲ್ಲದ ಮನುಷ್ಯನನ್ನು ಹುಡುಕುತ್ತ ಬೀದಿ ಬೀದಿ ಅಲೆಯುವುದು. ಎರಡು ವರ್ಷ ಕಳೆದು 1876ರಲ್ಲಿ ಜೆರಿ ಥಾಮಸ್ ಎಂಬ ಹೆಸರಾಂತ ಪಾನಗೃಹದವನ ಪುಸ್ತಕದಲ್ಲಿ ಈ ಹೆಸರಿನ ಪಾನೀಯ ಅಚ್ಚಾಯಿತು: ಜಿನ್, ನಿಂಬೆರಸ, ಪಾಕ, ಮಂಜುಗಡ್ಡೆ, ಸೋಡಾ. ಜಾನ್ ಕಾಲಿನ್ಸ್ ಎಂಬ ಹೆಸರಿನಲ್ಲಿ ಇಂಥದೇ ಪಾನೀಯ ಅದಕ್ಕೂ ಮೊದಲೇ ಇತ್ತು.

ಇದರಿಂದ ಜಿನ್ನನ್ನು ತೆಗೆದರೆ ಉಳಿಯುವುದು ನಮ್ಮ ನಿಂಬೆಹಣ್ಣಿನ ಸೋಡಾ. ಜಿನ್ ಎಂದರೆ ಭಟ್ಟಿಯಿಳಿಸಿದ ಮದ್ಯಸಾರಕ್ಕೆ ಜುನಿಪರ್ ಎಂಬ ಗಿಡದ ಕಾಯಿಯ ಪರಿಮಳ ಹಿಡಿಸಿದ್ದು. ಜುನಿಪರ್ ಬಿಟ್ಟರೆ ಅದರಲ್ಲಿ ಹೆಚ್ಚಾಗಿ ಬೀಳುವುದು ನಮ್ಮ ಸಾರಿನ ಪುಡಿಗೆ ಬೀಳುವ ಕೊತ್ತಂಬರಿ ಬೀಜವೇ! ಸೋಡಾಕ್ಕೆ ದಾರಿ ತೋರಿದವನು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ. ಲೀಡ್ಸಿನ ಬಿಯರ್ ಕಾರ್ಖಾನೆಯೊಂದರಲ್ಲಿ ಹುದುಗುತ್ತಿದ್ದ ತೊಟ್ಟಿಯ ಮೇಲೆ ನೀರನ್ನು ಹಿಡಿದು, 1767ರಲ್ಲಿ ಅವನು ಇಂಗಾಲಾಮ್ಲ ವಾಯುವನ್ನು ನೀರಿಗೆ ಬೆರೆಸಿದ. ನಾವೆಲ್ಲ ಹುಡುಗರಾಗಿದ್ದಾಗ ಬೆರಗಿನಿಂದ ನೋಡಿದ ಗೋಲಿ ಸೋಡಾದ ಸೀಸೆಗೆ ಹೈರಂ ಕಾಡ್ ಎಂಬ ಇಂಗ್ಲಿಷರವನು 1872ರಲ್ಲಿ ಪೇಟೆಂಟ್ ಪಡೆದ. ಒಳಗಿನ ವಾಯುವೇ ಗೋಲಿಯನ್ನು ಸೀಸೆಯ ಬಾಯಿಗೆ ಒತ್ತಿ ಹಿಡಿಯುತ್ತದೆ.

ಇನ್ನು ಮಾಡುವ ಕ್ರಮ. ಮೊದಲು ಪಾಕ. ಒಂದು ಬಟ್ಟಲು ಸಕ್ಕರೆಗೆ ಒಂದು ಬಟ್ಟಲು ನೀರಿಟ್ಟು, ಸಕ್ಕರೆ ಕರಗುವವರೆಗೆ ಕಾಯಿಸಿ ಆರಿಸಿ, ಎಳೆ ಬರಬೇಕಾಗಿಲ್ಲ. ತಣ್ಣನೆಯ ಜಿನ್ನಿನಲ್ಲಿ ಹರಳು ಸಕ್ಕರೆ ಸರಿಯಾಗಿ ಕರಗದು. ಕರಗದ ಹರಳಿನ ಮೇಲೆ ಸೋಡಾ ಬಿದ್ದರೆ ಭುಸ್ಸೆಂದು ಉಕ್ಕಿ ವಾಯುವೆಲ್ಲ ಹೋಗುತ್ತದೆ. ಸೋಡಾ ಸೀಸೆಯನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಡಿ. ತಣ್ಣಗಿದ್ದಷ್ಟೂ ನೀರು ವಾಯುವನ್ನು ಹೆಚ್ಚು ಹಿಡಿದುಕೊಳ್ಳುತ್ತದೆ.

ಉದ್ದನೆಯ ಗಾಜಿನ ಲೋಟಕ್ಕೆ 45 ಮಿ.ಲೀ. ಜಿನ್, 25 ಮಿ.ಲೀ. ಆಗತಾನೆ ಹಿಂಡಿ ಸೋಸಿದ ನಿಂಬೆರಸ, 20 ಮಿ.ಲೀ. ಪಾಕ ಹಾಕಿ ಕಲಕಿ. ಬಳಿಕ ಲೋಟದ ತುಂಬ ಮಂಜುಗಡ್ಡೆ ಹಾಕಿ. ಜಿಪುಣತನ ಮಾಡಿದರೆ ಬೇಗ ಕರಗಿ ಎಲ್ಲ ನೀರುನೀರಾಗುತ್ತದೆ. ಕೊನೆಗೆ 100 ಮಿ.ಲೀ.ಗೆ ಕಡಿಮೆಯಿಲ್ಲದಂತೆ ಸೋಡಾವನ್ನು ಅಂಚಿನಿಂದ ಮೆಲ್ಲಗೆ ಇಳಿಬಿಟ್ಟು, ಚಮಚವನ್ನು ತಳದಿಂದ ಒಂದು ಸಲ ಮೇಲಕ್ಕೆತ್ತಿದರೆ ಸಾಕು. ಮಜ್ಜಿಗೆಯಂತೆ ಕಡೆಯಬಾರದು. ಮೇಲೊಂದು ನಿಂಬೆಯ ಬಿಲ್ಲೆ ಇಟ್ಟರೆ ಆಯಿತು.

ಈಗ ಲೆಕ್ಕಕ್ಕೆ ಬರೋಣ. ಕಛೇರಿಯಲ್ಲಿ ದಿನವಿಡೀ ಅಂಕಿಗಳ ನಡುವೆ ಕೂರುವ ನಮಗೆ ಇದನ್ನು ಬಿಡಲಾಗದು. ನಮ್ಮ ದೇಶದ ಜಿನ್ ಸೀಸೆಗಳ ಮೇಲೆ ಸಾಮಾನ್ಯವಾಗಿ ಶೇಕಡಾ 42.8 ಎಂದು ಬರೆದಿರುತ್ತದೆ. ಅಂದರೆ 45 ಮಿ.ಲೀ.ನಲ್ಲಿ ಶುದ್ಧ ಮದ್ಯಸಾರ ಸುಮಾರು 15 ಗ್ರಾಂ. ಶೇಕಡಾ 5ರ ಬಿಯರಿನ 330 ಮಿ.ಲೀ. ಸೀಸೆಗಿಂತ ತುಸು ಹೆಚ್ಚು. ಕೈಯಂದಾಜಿನಲ್ಲಿ ಸುರಿದರೆ 45 ಎಂಬುದು 90 ಆಗಲು ಹೊತ್ತು ಬೇಡ. ಹುಳಿ, ಸಿಹಿ, ತಂಪು ಮೂರೂ ಸೇರಿ ಮದ್ಯದ ಖಾರವನ್ನು ಮುಚ್ಚುವುದರಿಂದ ನಾಲಗೆಗೆ ಅದು ತಿಳಿಯುವುದಿಲ್ಲ. ಎದ್ದು ನಿಂತಾಗ ಮೊಣಕಾಲಿಗೆ ತಿಳಿಯುತ್ತದೆ. ಸೋಡಾದ ಬದಲು ಶಾಂಪೇನ್ ಸುರಿದರೆ ಅದೇ ಪಾನೀಯಕ್ಕೆ ‘ಫ್ರೆಂಚ್ 75’ ಎಂದು ಹೆಸರು. ಅದು ಮೊದಲನೆಯ ಮಹಾಯುದ್ಧದಲ್ಲಿ ಫ್ರೆಂಚರು ಹಾರಿಸಿದ 75 ಮಿ.ಮೀ. ಫಿರಂಗಿಯ ಹೆಸರು. ಇಷ್ಟು ಸಾಕಲ್ಲವೆ? ಕೆಮ್ಮಿನ ಔಷಧದ ಸೀಸೆಗೆ ಮುಚ್ಚಳವಾಗಿ ಬರುವಂಥ ಗೆರೆಯಿರುವ ಬಟ್ಟಲೊಂದನ್ನು ಇಟ್ಟುಕೊಂಡು ಪ್ರತಿಸಲವೂ ಅಳೆಯಿರಿ. ಬರಿ ಹೊಟ್ಟೆಗೆ ಕೊಡಬೇಡಿ. ‘ಇನ್ನೊಂದು’ ಎಂದು ಉಪಚಾರ ಮಾಡುವುದನ್ನು ಹೋಳಿಗೆಗೆ ಮೀಸಲಿಡಿ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ದೊಡ್ಡದು. ಸಿದ್ಧವಾದ ಲೋಟ ನೋಡಲು ನಿಂಬೆ ಸೋಡಾದಂತೆಯೇ ಇರುತ್ತದೆ. ಆಡಿ ಬಾಯಾರಿ ಬಂದ ಮಗು, ಮಾತ್ರೆ ನುಂಗುತ್ತಿರುವ ಅಜ್ಜಿ, ಎಂದೂ ಮುಟ್ಟದ ಭಾವನವರು, ಯಾರಾದರೂ ತಿಳಿಯದೆ ಎತ್ತಿಕೊಂಡರೆ ಮನೆಯ ಮಾನ ಹೋದಂತೆ. ಜಿನ್ನಿನದಕ್ಕೆ ಬೇರೆ ಆಕಾರದ ಲೋಟ, ಬೇರೆ ತಟ್ಟೆ ಇರಲಿ. ಕೈಗೆ ಕೊಡುವಾಗ ಇದು ಇಂಥದೆಂದು ಬಾಯಿಬಿಟ್ಟು ಹೇಳಿ. ಕುಡಿದು ಮುಗಿದ ಲೋಟಗಳನ್ನು ಒಡನೆಯೇ ಒಳಗೆ ಒಯ್ಯಿರಿ.

ಮುಟ್ಟದವರಿಗೆ ಬರಿಯ ನೀರು ಕೊಟ್ಟು ಮೂಲೆಗೆ ಕೂರಿಸುವುದೂ ಸಲ್ಲದು. ಅವರಿಗೆಂದು ಬೇರೆ ಪಾಕ ಮಾಡಿ: ಸಕ್ಕರೆ, ನೀರು ಕಾಯುವಾಗ ಒಂದು ಚಮಚ ಜಜ್ಜಿದ ಕೊತ್ತಂಬರಿ ಬೀಜ, ಎರಡು ಏಲಕ್ಕಿ, ಕಿತ್ತಳೆ ಸಿಪ್ಪೆಯ ಚೂರೊಂದು ಹಾಕಿ, ಇಳಿಸಿ ಅರ್ಧ ಗಂಟೆ ಮುಚ್ಚಿಟ್ಟು ಸೋಸಿ. ಇದಕ್ಕೆ ನಿಂಬೆರಸ, ಮಂಜುಗಡ್ಡೆ, ಸೋಡಾ ಸೇರಿದರೆ ಅತಿಥಿ ಯಾರೂ ಕಡಿಮೆಯವರಾಗುವುದಿಲ್ಲ. ನಮ್ಮ ಮನೆಯಲ್ಲಿ ಮೊದಲು ಮುಗಿಯುವುದು ಇದೇ.

ಕಡೆಯದಾಗಿ ಕಾಯ್ದೆಯ ಮಾತು. ಮಹಾರಾಷ್ಟ್ರದಲ್ಲಿರುವವರು 1949ರ ಮದ್ಯನಿಷೇಧ ಕಾಯ್ದೆಯ ಪ್ರಕಾರ ಪರವಾನಗಿ ಹೊಂದಿರಬೇಕು. ಉಳಿದ ರಾಜ್ಯಗಳವರು ಅಲ್ಲಲ್ಲಿನ ವಯೋಮಿತಿಯನ್ನು ತಿಳಿದಿರಬೇಕು. ವಾಹನ ನಡೆಸುವವರ 100 ಮಿ.ಲೀ. ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದರೆ ಅಪರಾಧ. ಒಂದೇ ಲೋಟಕ್ಕೂ ಈ ಮಿತಿ ದಾಟಬಹುದಾದ್ದರಿಂದ, ಕುಡಿದವರ ಕೈಗೆ ಸ್ಕೂಟರಿನ ಕೀಲಿ ಕೊಡದೆ ಆಟೋ ಹತ್ತಿಸಿ ಕಳಿಸಿ. ಅವರು ಕ್ಷೇಮವಾಗಿ ಮನೆ ಸೇರಿದರೆಂದು ಫೋನು ಬಂದಮೇಲೆಯೇ ಅಂದಿನ ಅತಿಥಿಸತ್ಕಾರ ಮುಗಿಯಿತೆಂದು ತಿಳಿಯತಕ್ಕದ್ದು.