ಗಂಜಿ ಸುರಿದವಳ ತಪ್ಪಲ್ಲ

ನಮ್ಮ ಬಸರಾಳಿನ ಮಲ್ಲಿಕಾರ್ಜುನನ ಗುಡಿ ಕಟ್ಟಿದ್ದು 1234ರಲ್ಲಿ, ಇನ್ನೂ ನಿಂತಿದೆ. ನಮ್ಮನೆ ಸಿಂಕಿನ ಪೈಪು ಎರಡನೇ ಯುಗಾದಿ ಕಾಣಲಿಲ್ಲ. ಹಿತ್ತಿಲ ಗೋಡೆಯಲ್ಲಿ ಎರಡು ಕ್ಲಾಂಪಿನ ನಡುವೆ ಜೋತುಬಿದ್ದು, ಎಲ್ಬೋ ಹತ್ತಿರ ಬಾಯಿ ಬಿಟ್ಟಿತು. ರಿಪೇರಿಗೆ ಬಂದ ಪ್ಲಂಬರ್ ಪೈಪನ್ನು ನೋಡುವ ಮೊದಲೇ ನನ್ನ ಹೆಂಡತಿಯ ಕಡೆ ತಿರುಗಿ, "ಅಕ್ಕಾ, ಅನ್ನ ಬಸ್ದ ಗಂಜೀನ ಬಿಸಿಬಿಸೀಲೇ ಸುರುದ್ರೆ ಪೈಪ್ ತಡೀತದಾ?" ಅಂದ.

ನನ್ನ ತಕರಾರು ಈ ಮಾತಿನ ಮೇಲೆ. ಹಿಂದೆ ಗಂಜಿ ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು, ಹಸು ಕುಡಿಯುತ್ತಿತ್ತು. ಹಸು ಮಾರಿದೆವು, ಗಂಜಿ ಸಿಂಕಿಗೆ ಬಂತು. ಅಡುಗೆಮನೆಯಿಂದ ಕುದಿನೀರು ಹೊರಗೆ ಹೋಗುತ್ತದೆ ಅನ್ನೋದು ಮನೆ ಕಟ್ಟುವವನಿಗೆ ಗೊತ್ತಿರಬೇಕೇ ಹೊರತು, ಅನ್ನ ಮಾಡುವವಳು ಪೈಪಿಗೆ ಅಂಜಿ ಪಾತ್ರೆ ಆರುವತನಕ ಕಾಯಬೇಕೇ?

ತಮಾಷೆ ನೋಡಿ. ಸೋಲಾರ್‌ನಿಂದ ಬಚ್ಚಲಿಗೆ ಬರುವ ನೀರಿಗೆ ಎಲ್ಲರೂ ಕೇಳದೇ ಸಿಪಿವಿಸಿ ಹಾಕುತ್ತಾರೆ. ಅದರಲ್ಲಿ ಹರಿಯೋದು ಸಾಮಾನ್ಯವಾಗಿ 60 ಡಿಗ್ರಿ ಆಸುಪಾಸಿನ ನೀರು. ಆ ಪೈಪು 90ರ ತನಕ ತಾಳುತ್ತದೆ. ಸಿಂಕಿನಿಂದ ಆಚೆ ಹೋಗುವ 95 ಡಿಗ್ರಿ ಗಂಜಿಗೆ ಮಾತ್ರ ಮಾಮೂಲಿ ಬೂದು ಪಿವಿಸಿ. ಅದು 60 ದಾಟಿದರೆ ಸೋಲಲು ಶುರು, 80ರ ಹತ್ತಿರ ಮೆತ್ತಗಾಗುತ್ತದೆ. ಸಾಲದ್ದಕ್ಕೆ 3 ಮೀಟರ್ ಪೈಪು 60 ಡಿಗ್ರಿ ಕಾದರೆ ಒಂದು ಸೆಂಟಿಮೀಟರಿಗೂ ಮಿಕ್ಕಿ ಉದ್ದವಾಗುತ್ತದೆ. ಎರಡೂ ತುದಿ ಸಿಮೆಂಟಿನಲ್ಲಿ ಬಿಗಿದಿದ್ದರೆ ಬೆಳೆದದ್ದು ಎಲ್ಲಿಗೆ ಹೋಗಬೇಕು? ಬಾಗುತ್ತದೆ.

"ಹಂಗಾರೆ ದಪ್ಪದ್ದು ಹಾಕುಸ್ಬುಡಿ" ಅಂತ ಅಂಗಡಿಯವರ ಉಪದೇಶ. ಎಸ್‌ಡಬ್ಲ್ಯುಆರ್ ಪೈಪಿನ ಮೇಲೆ ಟೈಪ್ ಎ, ಟೈಪ್ ಬಿ ಅಂತ ಅಚ್ಚಾಗಿರುತ್ತದೆ. ಎ ತೆಳು, ಮಳೆನೀರಿಗೆ; ಬಿ ದಪ್ಪ, ಪಾಯಖಾನೆ-ಬಚ್ಚಲಿಗೆ. ಕೊಳವೆ ನೀರಿಗೆ ಎ ಹಾಕಿ ಬಿ ಬಿಲ್ಲು ಬರೆಯೋರೂ ಇದ್ದಾರೆ, ಆ ಮಾತು ಬೇರೆ. ಆದರೆ ಎರಡೂ ಅದೇ ಪಿವಿಸಿ. ದಪ್ಪಗಿದ್ದ ಮಾತ್ರಕ್ಕೆ ಬೆಣ್ಣೆ ಕರಗದೇ ಇರುತ್ತಾ?

ಜೊತೆಗೆ ತಣ್ಣೀರು ಬಿಡಿ ಅಂತಾರೆ. ಸಮಸಮ ಬೆರೆಸಿದರೆ 60ಕ್ಕೆ ಇಳಿಯುತ್ತದೆ, ನಿಜ. ದಿನಾ ಎರಡು ಹೊತ್ತು, ಮನೆಗೆ ಬಂದ ನೆಂಟರಿಗೂ ಅದನ್ನು ಪಾಠ ಮಾಡಬೇಕು.

ಕೊನೆಗೆ ನಾನು 50 ಮಿ.ಮೀ. ಸಿಪಿವಿಸಿ ತಂದೆ, ಅದಕ್ಕೇ ಬರುವ ಬೇರೆ ಅಂಟಿನ ಸಮೇತ. ಹಳೇ ಪಿವಿಸಿ ಅಂಟು ಬಳಿಯೋಕೆ ಹೊರಟಿದ್ದ ಕೈ ಹಿಡಿದು ನಿಲ್ಲಿಸಬೇಕಾಯಿತು. ಕ್ಲಾಂಪು ಹತ್ತಿರ ಹತ್ತಿರ, ಗೋಡೆ ದಾಟುವಲ್ಲಿ ಸಡಿಲು. ಪಾಲಿಪ್ರೊಪಿಲೀನ್ ವೇಸ್ಟ್ ಪೈಪೂ ಆದೀತು, ಅದಕ್ಕೆ ಅಂಟು ಹಿಡಿಯಲ್ಲ, ರಬ್ಬರ್ ರಿಂಗಿನ ಜಾಯಿಂಟೇ ಬೇಕು. ಹೆಚ್ಚಿನ ಖರ್ಚು ಬಿದ್ದದ್ದು ಹನ್ನೆರಡು ಅಡಿಗೆ. ಮನೆ ಮುಂದಿನ ಎಲಿವೇಶನ್ ಟೈಲ್ಸ್ ಆರಿಸೋಕೆ ನಾವು ಮೂರು ಸಲ ಮಂಡ್ಯಕ್ಕೆ ಹೋಗಿದ್ದೆವು. ಈ ಪೈಪಿನ ಬಗ್ಗೆ ಮೂರು ನಿಮಿಷ ಮಾತಾಡಿರಲಿಲ್ಲ. ಅದು ನನ್ನ ತಪ್ಪು, ಅವಳದಲ್ಲ.

ಎದುರು ಮನೆಯ ಹೊಸ ಗೋಡೆಗೆ ಈ ವಾರ ಅದೇ ಬೂದು ಪೈಪು ಹತ್ತುತ್ತಿದೆ. ಹೋಗಿ ಹೇಳಿದೆ. "ಮೇಸ್ತ್ರಿ ಎಲ್ಲಾ ನೋಡ್ಕತಾವ್ರೆ ಬುಡಣ್ಣ" ಅಂದರು.