ಬರ್ತೇನೆ ಅಂದರೆ ಹೋಗ್ತೇನೆ ಮಾರಾಯ್ರೆ

ಸಂಜೆ ಮಣಿಪಾಲದ ಆಫೀಸಿನಿಂದ ಹೊರಡುವಾಗ ಕಾರ್ಕಳದ ಹುಡುಗಿಯೊಬ್ಬಳು 'ಐ ವಿಲ್ ಕಮ್' ಅಂದರೆ ಸುತ್ತಲಿನವರಿಗೆ ನಗು. ಹೋಗುವವಳು ಕಮ್ ಅನ್ನುವುದುಂಟಾ? ಅಲ್ಲ, ನಗುವವರೇ, ನಿಮ್ಮ ಮನೆಯ ಹೊಸ್ತಿಲು ದಾಟುವಾಗ 'ಹೋಗ್ತೇನೆ' ಅಂದು ನೋಡಿ. ಅಜ್ಜಿ ಸುಮ್ಮನೆ ಬಿಡುತ್ತಾರಾ? ಕನ್ನಡದಲ್ಲಿ ಬರ್ತೇನೆ, ತುಳುವಿನಲ್ಲಿ ಬರ್ಪೆ.

'ಐ ವಿಲ್ ಕಮ್' ಸರಿ ಅಂತ ನಾನು ವಾದಿಸುತ್ತಿಲ್ಲ. ಲಂಡನ್ನಿನವ ಕೇಳಿದರೆ ಬಾಗಿಲು ತೆರೆದಿಟ್ಟು ಕಾದಾನು. ಆದರೆ ನೀವು ಅವಳಿಗೆ 'ಇಂಗ್ಲಿಷ್ ಬರುವುದಿಲ್ಲ' ಅಂತೀರಲ್ಲ, ಅಲ್ಲೂ ಬಂತು ನೋಡಿ 'ಬರು'! ನಮಗೆ ಭಾಷೆ ಬರುತ್ತದೆ, ಈಜು ಬರುತ್ತದೆ, ಸಿಟ್ಟು, ನಿದ್ದೆ, ಜ್ವರ ಎಲ್ಲ ಬರುತ್ತವೆ. ತುಳುವಿನಲ್ಲಿ ಬರ್ಪುಂಡು, ಕೊಂಕಣಿಯಲ್ಲಿ ಯೆತ್ತಾ, ಹಿಂದಿಯಲ್ಲಿ ಆತೀ ಹೈ. ಇಂಗ್ಲಿಷಿನಲ್ಲಿ ಹಾಗಲ್ಲ, 'ನನಗೆ' ಹೋಗಿ 'ನಾನು' ಆಗಬೇಕು. ಐ ನೋ ಇಂಗ್ಲಿಷ್, ಐ ಕ್ಯಾನ್ ಸ್ವಿಮ್, ಐ ಹ್ಯಾವ್ ಎ ಫೀವರ್. ಕನ್ನಡದಲ್ಲಿ ಹೇಳಿಕೊಟ್ಟರೆ ಐದು ನಿಮಿಷದ ಪಾಠ.

ಆದರೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ಫೈನ್! ನನ್ನ ಜಗಳ ಇರುವುದು ಇದರ ಜೊತೆ. ತಪ್ಪು ಹುಟ್ಟಿದ್ದು ಕನ್ನಡದಲ್ಲಿ, ಆ ಬಾಗಿಲಿಗೇ ಬೀಗ ಹಾಕಿ ತಪ್ಪನ್ನು ಎಲ್ಲಿ ಹುಡುಕುತ್ತೀರಿ?

ಕನ್ನಡದಿಂದ ಸಿಗುವ ಲಾಭವೂ ವ್ಯರ್ಥ. ಚೀನೀ ಮಾತಿನಲ್ಲಿ 'ನಿಮ್ಮ ಮನೆಗೆ ಹೋಗುತ್ತೇನೆ' ಅನ್ನುವುದು ಸಹಜ, ಹಾಗಾಗಿ ಅವರು 'ಐ ವಿಲ್ ಕಮ್ ಟು ಯುವರ್ ಹೌಸ್' ಅನ್ನುವುದನ್ನು ಕಲಿಯಬೇಕು. ನಮಗೆ ಅದು ಹುಟ್ಟಿನಿಂದಲೇ ಗೊತ್ತು: ನಿಮ್ಮ ಮನೆಗೆ ಬರ್ತೇನೆ. ಅಮ್ಮ ಒಳಗಿಂದ ಕರೆದಾಗ 'ಬಂದೆ' ಅನ್ನುವವನಿಗೆ 'ಐಯಾಮ್ ಕಮಿಂಗ್' ಉರು ಹೊಡೆಸುವ ಅಗತ್ಯವೇ ಇಲ್ಲ. ಇದನ್ನು ಯಾವ ಟ್ರೈನರ್ ಹೇಳುತ್ತಾನೆ? ಅವನ ಹತ್ತಿರ ಇರುವುದು ನೂರು ತಪ್ಪುಗಳ ಪಟ್ಟಿ ಮಾತ್ರ. ಅದನ್ನು ಕಲಿತವರು ಇಂಗ್ಲಿಷ್ ಮಾತಾಡುವುದಿಲ್ಲ, ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಯುತ್ತಾರೆ. ಇಂಟರ್‌ವ್ಯೂನಲ್ಲಿ ಆ ಮೌನಕ್ಕೆ 'ಕಮ್ಯುನಿಕೇಶನ್ ವೀಕ್' ಅಂತ ಹೆಸರು.

ಟೇಬಲಿನ ಆಚೆ ಕೂತು ಹಾಗೆ ಬರೆಯುವವರು ಬೇರೆ ಯಾರೋ ಅಲ್ಲ, ನಾವೇ. ನಾಳೆ ಕಾಪುವಿನಿಂದ ಬಸ್ಸು ಹಿಡಿದು ಬಂದ ಬಿಕಾಂ ಹುಡುಗ ನಿಮ್ಮೆದುರು ಬೆವರುತ್ತಾ 'ಇಂಗ್ಲಿಷ್ ಈಸ್ ನಾಟ್ ಕಮಿಂಗ್ ಸರ್' ಅಂದರೆ ಫೈಲು ಮುಚ್ಚಬೇಡಿ. ಟ್ಯಾಲಿ ಬರುತ್ತದಾ ಕೇಳಿ. ಕನ್ನಡದಲ್ಲೇ ಕೇಳಿ.