ಒಂದು ಹಗಲಿನ ಸುತ್ತು



ದೂರದ ಕಾಶಿಯನ್ನು ಕಂಡವರು ನಮ್ಮ ಉಡುಪಿಯಲ್ಲಿ ಅನೇಕರಿದ್ದಾರೆ. ಮಗ್ಗುಲಿನ ಕಾರ್ಕಳವನ್ನು ಕಾಣದವರು ಅವರಿಗಿಂತಲೂ ಹೆಚ್ಚು. ಅದರಲ್ಲಿಯೂ ಮನೆವಾರ್ತೆಯನ್ನು ಹೊತ್ತ ಸ್ತ್ರೀಯರ ವಿಷಯವನ್ನಂತೂ ಹೇಳತಕ್ಕದ್ದೇ ಇಲ್ಲ. ಮದುವೆ, ಉಪನಯನ, ಸೀಮಂತ, ಇವಿಷ್ಟಕ್ಕೆ ಬಸ್ಸು ಹತ್ತುವುದು. ಊಟ ಮುಗಿದೊಡನೆ ತಿರುಗಿ ಬರುವುದು.

ನಮ್ಮ ಅತ್ತೆಯವರು ಈ ಊರಿಗೆ ಸೊಸೆಯಾಗಿ ಬಂದು 52 ವರ್ಷಗಳಾದವು. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಪರ್ಯಾಯದ ಮೆರವಣಿಗೆಯನ್ನು ಅವರು ಒಮ್ಮೆಯೂ ತಪ್ಪಿಸಿದವರಲ್ಲ. ಆದರೆ 38 ಕಿಲೋಮೀಟರ್ ದೂರದ ಗೊಮ್ಮಟನನ್ನು ಮಾತ್ರ ಕಂಡಿರಲಿಲ್ಲ. ಕೇಳಿದಾಗಲೆಲ್ಲ ನಾವೇ, "ಎಲ್ಲಿಗೆ ಹೋಗುತ್ತದೆ, ಇನ್ನೊಮ್ಮೆ ಹೋದರಾಯಿತು" ಎಂದು ಮುಂದೂಡುತ್ತ ಬಂದೆವು. ಗೊಮ್ಮಟನು ಎಲ್ಲಿಗೂ ಹೋಗುವವನಲ್ಲ, ನಿಜ. ಆದರೆ ಅತ್ತೆಯವರ ಮೊಣಕಾಲು ವರ್ಷದಿಂದ ವರ್ಷಕ್ಕೆ ಸೋಲುತ್ತಿತ್ತು.

ಕಳೆದ ಮಾರ್ಚಿಯಲ್ಲಿ ಕಡೆಗೂ ಹೊರಟೆವು. ಆ ಪ್ರಯಾಣದ ವೃತ್ತಾಂತವನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇವೆ. ಬೆಳಿಗ್ಗೆ ಮಣಿಪಾಲದಲ್ಲಿ ಇಳಿದು ಮಕ್ಕಳಿಗೆ ಅಂಗರಚನೆಯ ವಸ್ತುಸಂಗ್ರಹಾಲಯವನ್ನು ತೋರಿಸಿ, ಕಾಫಿ ಕುಡಿದು, ಕಾರ್ಕಳಕ್ಕೆ ತಲಪಿದಾಗ ಗಂಟೆ ಹನ್ನೆರಡೂವರೆ. ಬುಡದಿಂದಲೇ ಮೆಟ್ಟಿಲ ದಾರಿ ಹಿಡಿದೆವು. ಬಂಡೆಯೋ, ಕಾದ ಕಾವಲಿ! ಮೇಲೆ ಪಾದರಕ್ಷೆಗಳನ್ನು ಕಳಚಬೇಕಷ್ಟೆ. ಅತ್ತೆಯವರು ನಾಲ್ಕು ಹೆಜ್ಜೆಯಿಟ್ಟು, ಹಿಂದೆ ಸರಿದು, ಗೋಡೆಯ ನೆರಳಿನಲ್ಲಿ ಕುಳಿತುಬಿಟ್ಟರು. "ನೀವೆಲ್ಲ ನೋಡಿಕೊಂಡು ಬನ್ನಿ. ನನಗೆ ಇಲ್ಲಿಯವರೆಗೆ ಬಂದದ್ದೇ ಆಯಿತು" ಎಂದರು. ನಾವು ಒಳಕ್ಕೆ ಓಡಿ, ನೋಡಿದಂತೆ ಮಾಡಿ, ಓಡಿಬಂದೆವು. ಆ ದಿನ ಕಂಡ ಮೂರ್ತಿಯ ಒಂದು ವಿವರವೂ ಈಗ ನೆನಪಿಲ್ಲ. ಅಂಗಾಲಿಗೆ ಒದ್ದೆ ಟವೆಲು ಒತ್ತಿಕೊಂಡು ಕುಳಿತಿದ್ದ ಅತ್ತೆಯವರ ಮುಖ ಮಾತ್ರ ಚೆನ್ನಾಗಿ ನೆನಪಿದೆ.

ತಪ್ಪು ಬಸ್ಸಿನದಲ್ಲ, ಊರಿನದಲ್ಲ, ಬಿಸಿಲಿನದೂ ಅಲ್ಲ. ಊರುಗಳನ್ನು ಕಾಣುವ ಸರದಿಯನ್ನು ನಾವು ಕೆಡಿಸಿದ್ದೆವು. ಆ ಬಳಿಕ ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಉಡುಪಿಯಿಂದ ಕಾರ್ಕಳಕ್ಕೆ ಒಂದೇ ದಾರಿಯಲ್ಲ. ಮಣಿಪಾಲ, ಪರ್ಕಳ, ಹಿರಿಯಡಕ, ಬೈಲೂರಿನ ಮೇಲಾಗಿ ಒಂದು. ಕಾಪು, ಪಡುಬಿದ್ರಿ, ಬೆಳ್ಮಣ್ಣು, ನಿಟ್ಟೆಯ ಮೇಲಾಗಿ ಇನ್ನೊಂದು. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬಂದರೆ ಬಳೆಯಂತೆ ಸುತ್ತು ಪೂರ್ತಿಯಾಗುತ್ತದೆ. ಬಂಡೆ ತಣ್ಣಗಿರುವ ಮುಂಜಾನೆ ಕಾರ್ಕಳಕ್ಕೆ ಮೀಸಲು. ಬಿಸಿಲು ಇಳಿದ ಮೇಲೆ ಕಾಪುವಿನ ಕಡಲು. ಮಣಿಪಾಲವು ಮನೆಯಿಂದ ಬರೇ 5 ಕಿಲೋಮೀಟರು. ಅದನ್ನು ಇನ್ನೊಂದು ಸಂಜೆಗೆ ಬಿಡತಕ್ಕದ್ದು.

ಬಸ್ಸಿನ ವೆಚ್ಚದ ಬಗೆಗೆ ಒಂದು ಮಾತು. 2023ರ ಜೂನ್ 11ರಿಂದ ಕರ್ನಾಟಕದ ಸ್ತ್ರೀಯರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಿರುವುದು ಎಲ್ಲರಿಗೂ ವಿದಿತವೇ ಇದೆ. ಆದರೆ ನಮ್ಮ ಕಡೆ ಓಡತಕ್ಕವು ಬಹುಮಟ್ಟಿಗೆ ಖಾಸಗಿ ಬಸ್ಸುಗಳು. ಅವುಗಳಲ್ಲಿ ಆ ಸವಲತ್ತು ಸಲ್ಲುವುದಿಲ್ಲ. ಘಟ್ಟದ ಮೇಲಿನ ನಮ್ಮ ಸಹೋದರಿಯರು ಬಿಡಿಕಾಸಿಲ್ಲದೆ ಊರೂರು ಸುತ್ತುವಾಗ, ಇಲ್ಲಿಯ ಗೃಹಿಣಿಯು ಟಿಕೇಟಿನ ಹಣಕ್ಕೆ ಇನ್ನೊಬ್ಬರ ಮುಖ ನೋಡಬೇಕಾಗಿರುವುದು ನಮಗೆ ಸರಿಕಾಣುವುದಿಲ್ಲ. ನಮ್ಮ ಅತ್ತೆಯವರ ಉಪಾಯವೇ ಬೇರೆ. ಅಡುಗೆಮನೆಯ ಡಬ್ಬಿಯೊಂದಕ್ಕೆ ದಿನಕ್ಕೊಂದು ನಾಣ್ಯ ಹಾಕುತ್ತಾರೆ. ಅದಕ್ಕೆ 'ಪಿಗ್ಮಿ' ಎಂದೇ ಹೆಸರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಸಂಸ್ಥೆಯು 1928ರಲ್ಲಿ ಮನೆಬಾಗಿಲಿಗೇ ಬಂದು ಎರಡೆರಡು ಆಣೆ ಕೂಡಿಸಲು ತೊಡಗಿದ ಯೋಜನೆಯ ಹೆಸರದು. ಅದನ್ನು ಕಟ್ಟಿದವರಲ್ಲೊಬ್ಬರಾದ ಡಾ. ಟಿ. ಎಂ. ಎ. ಪೈಯವರೇ 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ತೆರೆದರು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಡನೆ ಕೂಡಿಹೋಯಿತು. ಡಬ್ಬಿಯ ಹೆಸರು ಉಳಿದಿದೆ. ನಮ್ಮ ಎರಡನೆಯ ಪ್ರಯಾಣದ ಟಿಕೇಟುಗಳೆಲ್ಲ ಆ ಡಬ್ಬಿಯವು. "ನನ್ನನ್ನು ಕರೆದುಕೊಂಡು ಹೋಗುವುದು ಬೇಡ, ನಾನೇ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ" ಎಂದರು.

ದಶಂಬರದ ಒಂದು ಬೆಳಿಗ್ಗೆ ಆರೂವರೆಗೆ ಸರ್ವಿಸು ಬಸ್ಸಿನ ನಿಲ್ದಾಣದಿಂದ ಹೊರಟೆವು. ಆ ಹೊತ್ತಿನಲ್ಲಿ ಕುಳಿತುಕೊಳ್ಳಲು ಸ್ಥಳವುಂಟು; ಎಂಟು ಗಂಟೆಯ ಮೇಲೆ ಕಾಲೇಜಿನ ಮಕ್ಕಳ ನಡುವೆ ಕಂಡಕ್ಟರರ "ಪಿರ ಪೋಲೆ, ಪಿರ ಪೋಲೆ" ಎಂಬ ಕೂಗಿಗೆ ಹಿಂದೆ ಹಿಂದೆ ಸರಿಯುವುದೇ ಆದೀತು. ಹಿರಿಯಡಕ ದಾಟಿದ ಮೇಲೆ ಗದ್ದೆಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಕಾರ್ಕಳದಲ್ಲಿ ಇಳಿಯುವಾಗ ಕಂಡಕ್ಟರರು ಕೈಹಿಡಿದು, "ಅಮ್ಮಾ, ಮೆಲ್ಲ ಜಪ್ಪುಲೆ" ಎಂದು ಇಳಿಸಿಕೊಟ್ಟರು. ಅಲ್ಲಿಂದ ಆಟೋರಿಕ್ಷಾ ಮಾಡಿದೆವು. ಅದು ಬೆಟ್ಟದ ಮೇಲಕ್ಕೇ ಹೋಗುತ್ತದೆಂಬ ಸಂಗತಿಯನ್ನು ಮಾರ್ಚಿಯಲ್ಲಿ ಯಾರೊಬ್ಬರನ್ನಾದರೂ ಕೇಳಿದ್ದರೆ!

ಬಂಡೆ ತಣ್ಣಗಿತ್ತು. ಅತ್ತೆಯವರು ಬರಿಗಾಲಿನಲ್ಲಿ ನಿಧಾನವಾಗಿ ನಡೆದುಹೋಗಿ, ಮೂರ್ತಿಯ ಪಾದದ ಮುಂದೆ ನಿಂತು ತಲೆಯೆತ್ತಿದರು. 42 ಅಡಿಯ ಏಕಶಿಲೆ. 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ್ದು. ತುಳುನಾಡಿನಲ್ಲಿ ಬಳಿಕ ಎದ್ದ 1604ರ ವೇಣೂರಿನ ಮೂರ್ತಿಗೂ 1982ರಲ್ಲಿ ಪ್ರತಿಷ್ಠೆಗೊಂಡ ಧರ್ಮಸ್ಥಳದ ಮೂರ್ತಿಗೂ ಇದೇ ಅಣ್ಣ. ತೊಡೆಗೂ ತೋಳಿಗೂ ಹಬ್ಬಿದ ಬಳ್ಳಿಯನ್ನು ಅತ್ತೆಯವರು ಬೆರಳಿನಿಂದ ಗಾಳಿಯಲ್ಲಿಯೇ ಬರೆದು ಬರೆದು ನೋಡಿದರು. ಬಹಳ ಹೊತ್ತಿನ ಮೇಲೆ, "ಇಷ್ಟು ಕಾಲ ನಿಂತರೂ ಇವನಿಗೆ ಕಾಲುನೋವಿಲ್ಲ" ಎಂದು ನಕ್ಕರು.

ಎದುರಿನ ಪುಟ್ಟ ಗುಡ್ಡದ ಮೇಲೆ ಚತುರ್ಮುಖ ಬಸದಿಯಿದೆ. ಅದನ್ನು ಕಟ್ಟಿಸಿದವನು ಇಮ್ಮಡಿ ಭೈರರಸ, ವರ್ಷ 1586. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವುದರಲ್ಲಿ ನಿಂತು ನೋಡಿದರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಮೂರು ಮೂರ್ತಿಗಳು. ಕಂಬ 108, ಮಾಡು ಕೂಡ ಕಲ್ಲಿನ ಹಾಸು. ಮಕ್ಕಳು ಕಂಬಗಳನ್ನು ಎಣಿಸತೊಡಗಿ, ಪ್ರತಿಸಲವೂ ಬೇರೆ ಬೇರೆ ಲೆಕ್ಕ ಹೇಳಿ ಜಗಳವಾಡಿದರು. ಎಣಿಸಲು ಬಿಡಿರಿ, ಅಷ್ಟು ಹೊತ್ತು ಹಿರಿಯರು ಕುಳಿತು ಗಾಳಿ ಪಡೆಯಬಹುದು. ಬುತ್ತಿಯನ್ನು ಆನೆಕೆರೆಯ ಬದಿಯಲ್ಲಿ ಬಿಚ್ಚಿದೆವು. ನಡುನೀರಿನಲ್ಲಿ ಅಲ್ಲಿಯೂ ಒಂದು ಬಸದಿ. ಮೊಸರನ್ನದೊಡನೆ ಮಿಡಿ ಉಪ್ಪಿನಕಾಯಿ ಸಾಕು, ಹೆಚ್ಚಿನದು ಭಾರ.

ಪಡುಬಿದ್ರಿಯ ಬಸ್ಸಿನಲ್ಲಿ ಎಲ್ಲರೂ ನಿದ್ದೆಹೋದುದರಿಂದ ಆ ದಾರಿಯ ವರ್ಣನೆಯನ್ನು ವಾಚಕರು ನಮ್ಮಿಂದ ಅಪೇಕ್ಷಿಸಬಾರದು. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ನಾಲ್ಕು ಗಂಟೆಗೆ ಕಾಪುವಿನಲ್ಲಿ ಇಳಿದೆವು. 2025ರಲ್ಲಿ ಬ್ರಹ್ಮಕಲಶೋತ್ಸವ ಕಂಡ ಹೊಸ ಮಾರಿಗುಡಿಯಲ್ಲಿ ಅಮ್ಮನಿಗೆ ಮಲ್ಲಿಗೆ ಒಪ್ಪಿಸಿ ಕಡಲ ಕರೆಗೆ ಹೋದೆವು. ಬಂಡೆಯ ಮೇಲಿನ ದೀಪಸ್ತಂಭ 1901ರದು, ಎತ್ತರ 27 ಮೀಟರು. ಸಾರ್ವಜನಿಕರನ್ನು ಸಂಜೆ ಸ್ವಲ್ಪ ಹೊತ್ತು ಮಾತ್ರ ಹತ್ತಗೊಡುವುದರಿಂದ ಇಲ್ಲಿಗೆ ಬೆಳಿಗ್ಗೆ ಬಂದವರಿಗೆ ನಿರಾಶೆಯೇ ಗತಿ. ಮಳೆಗಾಲದಲ್ಲಿ ಈ ಬಂಡೆಗಳ ಸಹವಾಸವೇ ಬೇಡ.

ಅತ್ತೆಯವರು ಹತ್ತಲಿಲ್ಲ. ಹತ್ತಿರೆಂದು ನಾವೂ ಒತ್ತಾಯಿಸಲಿಲ್ಲ. ಮರಳಿನ ಮೇಲೆ ಕಾಲು ಚಾಚಿ ಕುಳಿತವರ ಪಕ್ಕದಲ್ಲಿ ಈ ಸಲ ನಾವೂ ಕುಳಿತೆವು. ಮಕ್ಕಳು ಮೇಲಿನಿಂದ ಕೈಬೀಸಿದರು. ಸೂರ್ಯ ಮುಳುಗಿದ ಮೇಲೆ ದೀಪ ಹೊತ್ತಿಕೊಂಡಿತು.

ಕಾಪುವಿನಿಂದ ಉಡುಪಿಗೆ 13 ಕಿಲೋಮೀಟರು. ಹೆದ್ದಾರಿಯಾದುದರಿಂದ ಕತ್ತಲಾದ ಮೇಲೂ ಬಸ್ಸಿಗೆ ಕೊರತೆಯಿಲ್ಲ. ಒಳದಾರಿಯ ಊರುಗಳಿಗೆ ಹೋದವರು ಮಾತ್ರ ಕೊನೆಯ ಬಸ್ಸಿನ ಹೊತ್ತನ್ನು ಬೆಳಿಗ್ಗೆಯೇ ವಿಚಾರಿಸಿ ಇಟ್ಟುಕೊಳ್ಳತಕ್ಕದ್ದು. ನಾವು ಮನೆ ಸೇರಿದಾಗ ಎಂಟು ಗಂಟೆ. ಅತ್ತೆಯವರು ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ, ವೇಣೂರಿನ ಬಸ್ಸು ಕಾರ್ಕಳದಿಂದ ಎಷ್ಟು ಹೊತ್ತಿಗೆ ಹೊರಡುತ್ತದೆಂದು ಕೇಳಿದರು.